ಹನ್ನೆರಡು ಜನ ಸೇರಿ ಲೋ ಕಾರ್ಬ್ ಊಟ: ಅಳತೆ ಹೇಗೆ, ಗುಂಪು ನಡೆಸುವುದು ಹೇಗೆ?

ಬೇಳೆಬಟ್ಟಲು:

ಮೈಸೂರಿನ ನಮ್ಮ ಬಡಾವಣೆಯ 12 ಜನ ಮುಂದಿನ ತಿಂಗಳಿಂದ ಎಂಟು ವಾರ ಒಟ್ಟಿಗೆ ಲೋ ಕಾರ್ಬ್ ಊಟ (ಕಾರ್ಬ್, ಅಂದರೆ ಪಿಷ್ಟ, ಸಕ್ಕರೆ ಕಡಿಮೆ ಇರುವ ಊಟ) ಮಾಡಬೇಕು ಅಂತ ಇದ್ದೇವೆ. ವಯಸ್ಸು 38ರಿಂದ 64. ಐವರಿಗೆ ಶುಗರ್ ಇದೆ. ಒಬ್ಬರು ಇನ್ಸುಲಿನ್ ತಗೋತಾರೆ, ಉಳಿದವರು ಮಾತ್ರೆ. ಮೂವರಿಗೆ ಬಿಪಿ. ಏಳು ಜನ ಸಸ್ಯಾಹಾರಿಗಳು, ಅವರಲ್ಲಿ ಇಬ್ಬರು ಮಾತ್ರ ಮೊಟ್ಟೆ ತಿನ್ನುತ್ತಾರೆ. ವಾಟ್ಸಾಪ್ ಗುಂಪು ಆಗಿದೆ, ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಸೇರುವುದು ಅಂತಲೂ ಮಾತಾಗಿದೆ.

ಗೊತ್ತಾಗದೇ ಇರುವುದು ಇಷ್ಟು. ದಿನಕ್ಕೆ ಎಷ್ಟು ಗ್ರಾಂ ಕಾರ್ಬ್ ಇಟ್ಟುಕೊಳ್ಳಬೇಕು? ಮುದ್ದೆ, ಅನ್ನ, ಹುಳಿ ಇವನ್ನೆಲ್ಲ ಮನೆಯಲ್ಲಿ ಅಳೆಯುವುದು ಹೇಗೆ? ಮನೆಮಂದಿಗೆಲ್ಲ ಒಂದೇ ಅಡುಗೆ, ಬೇರೆ ಮಾಡಲು ಆಗುವುದಿಲ್ಲ. ಮತ್ತೆ, ಇಂಥ ಗುಂಪುಗಳು ಮೂರನೇ ವಾರಕ್ಕೆ ಮುರಿದುಬೀಳುವುದನ್ನೇ ನೋಡಿದ್ದೇವೆ. ಏನು ಮಾಡಿದರೆ ನಿಲ್ಲುತ್ತದೆ?

ತೂಕದಕಲ್ಲು:

ಮೊದಲು ಸಂಖ್ಯೆ. ದಿನಕ್ಕೆ 130 ಗ್ರಾಂ ಒಳಗಿದ್ದರೆ ಲೋ ಕಾರ್ಬ್ ಅನ್ನುವುದು ರೂಢಿ. 20ರಿಂದ 50 ಗ್ರಾಂ ಅಂದರೆ ಕೀಟೋ. ನಿಮ್ಮ ಗುಂಪಿಗೆ ಕೀಟೋ ಬೇಡ. 100ರಿಂದ 130 ಇಟ್ಟುಕೊಳ್ಳಿ. ಐಸಿಎಂಆರ್-ಇಂಡಿಯಾಬ್ (ದೇಶದ ಸಕ್ಕರೆ ಕಾಯಿಲೆಯ ದೊಡ್ಡ ಸಮೀಕ್ಷೆ) ಪ್ರಕಾರ ನಮ್ಮ ದೇಶದವರ ಊಟದ ಶಕ್ತಿಯಲ್ಲಿ ಶೇ 62ರಷ್ಟು ಬರುವುದು ಕಾರ್ಬ್‌ನಿಂದ. 2000 ಕ್ಯಾಲೊರಿ ತಿನ್ನುವವರಿಗೆ ಅದು 310 ಗ್ರಾಂ ಆಯಿತು. ಅಲ್ಲಿಂದ 120ಕ್ಕೆ ಇಳಿದರೆ ಅದೇ ದೊಡ್ಡ ಇಳಿತ.

ಅಳತೆಗೆ ಅಡುಗೆಮನೆ ತಕ್ಕಡಿ ಒಂದು ಬೇಕು, ಎಂಟು ವಾರಕ್ಕಲ್ಲ, ಮೊದಲ ಹತ್ತು ದಿನಕ್ಕೆ. ಆಮೇಲೆ ಕಣ್ಣಿಗೆ ಅಭ್ಯಾಸವಾಗುತ್ತದೆ. ಮುದ್ದೆಯನ್ನು ತೂಗಬೇಡಿ, ಹಿಟ್ಟನ್ನು ತೂಗಿ. ಒಂದು ಮನೆಯಲ್ಲಿ ಹಿಟ್ಟಿನ ಎರಡರಷ್ಟು ನೀರಿಟ್ಟರೆ ಇನ್ನೊಂದು ಮನೆಯಲ್ಲಿ ಎರಡೂವರೆಯಷ್ಟು ಇಡುತ್ತಾರೆ. ಹಾಗಾಗಿ ಒಂದೇ ಗಾತ್ರದ ಎರಡು ಮುದ್ದೆಯಲ್ಲಿ ಹಿಟ್ಟು ಒಂದೇ ಇರುವುದಿಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 67 ಗ್ರಾಂ ಹತ್ತಿರ ಕಾರ್ಬ್ ಇದೆ. ನಾರು 11 ಗ್ರಾಂ ಇರುವುದು ಒಳ್ಳೆಯದೇ, ಆದರೆ ರಾಗಿ ಅಂದಮೇಲೆ ಎಷ್ಟು ತಿಂದರೂ ನಡೆಯುತ್ತೆ ಅನ್ನುವ ನಂಬಿಕೆಯೇ ನಮ್ಮ ಕಡೆ ಮೊದಲು ಕೈಕೊಡುವುದು. 40 ಗ್ರಾಂ ಹಿಟ್ಟಿನ ಚಿಕ್ಕ ಮುದ್ದೆ ಅಂದರೆ 27 ಗ್ರಾಂ ಕಾರ್ಬ್, ಅಷ್ಟೇ ಇರಲಿ.

ಉಳಿದವು ಅಂದಾಜಿಗೆ (ಕಾರ್ಬ್ ಗ್ರಾಂ ಲೆಕ್ಕದಲ್ಲಿ): ಬೆಂದ ಅನ್ನ 100 ಗ್ರಾಂಗೆ 28. ಮೂವತ್ತು ಗ್ರಾಂ ಹಿಟ್ಟಿನ ಚಪಾತಿ ಒಂದಕ್ಕೆ 20. ಮಧ್ಯಮ ಇಡ್ಲಿಗೆ 10ರ ಆಸುಪಾಸು. 50 ಗ್ರಾಂ ರವೆಯ ಉಪ್ಪಿಟ್ಟಿಗೆ 35. ಒಬ್ಬರ ಪಾಲಿನ ಹುಳಿಯಲ್ಲಿ 25 ಗ್ರಾಂ ತೊಗರಿಬೇಳೆ ಇದ್ದರೆ 14. ಹಾಲು 100 ಮಿಲಿಗೆ 5. ಸಕ್ಕರೆ ಚಮಚಕ್ಕೆ 4ರಿಂದ 5, ಬೆಲ್ಲವೂ ಹೆಚ್ಚುಕಡಿಮೆ ಅಷ್ಟೇ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಅಂದರೆ ಸಕ್ಕರೆಯಿಂದಲೇ 32ರಿಂದ 40 ಗ್ರಾಂ ಹೋಯಿತು. ಎಲ್ಲರೂ ಮೊದಲು ಕೈಹಾಕಬೇಕಾದ್ದು ಇಲ್ಲಿಗೆ.

ಸಸ್ಯಾಹಾರಿಗಳ ಒಂದು ದಿನ ಹೀಗೆ ಕೂಡುತ್ತದೆ: ಬೆಳಿಗ್ಗೆ 45 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ಎರಡು ದೋಸೆ (21 ಗ್ರಾಂ). ಅಕ್ಕಿ ಸೇರಿಸಬೇಡಿ, ಶುಂಠಿ, ಹಸಿಮೆಣಸು, ಜೀರಿಗೆ ಸಾಕು. ಮಧ್ಯಾಹ್ನ ಚಿಕ್ಕ ಮುದ್ದೆ, ಹುಳಿ, 200 ಗ್ರಾಂ ಸೊಪ್ಪು ಅಥವಾ ಹುರುಳಿಕಾಯಿ ಪಲ್ಯ, ಒಂದು ಬಟ್ಟಲು ಮೊಸರು (55). ಸಂಜೆ ಒಂದು ಹಿಡಿ ಕಡಲೆಕಾಯಿ ಬೀಜ (5). ಎರಡು ಲೋಟ ಸಕ್ಕರೆ ಇಲ್ಲದ ಕಾಫಿ (10). ರಾತ್ರಿ ಒಂದು ಚಪಾತಿ, 100 ಗ್ರಾಂ ಪನೀರ್, ಮತ್ತೆ ಪಲ್ಯ (28). ಒಟ್ಟು 119. ಪ್ರೋಟೀನ್ ಸುಮಾರು 60 ಗ್ರಾಂ ಸಿಗುತ್ತದೆ, 60 ಕೆಜಿ ತೂಕದವರಿಗೆ ಸರಿಹೋಗುತ್ತದೆ. ಅನ್ನ ಕಡಿಮೆ ಮಾಡಿ ಪ್ರೋಟೀನ್ ಹೆಚ್ಚಿಸದಿದ್ದರೆ ಸಂಜೆ ಐದಕ್ಕೆ ಹಸಿವು ಕಿತ್ತು ಬರುತ್ತದೆ, ಕೈ ನೇರ ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತದೆ.

ಬೇರೆ ಅಡುಗೆ ಬೇಕಿಲ್ಲ. ಬದಲಾಗಬೇಕಾದ್ದು ತಟ್ಟೆಯಲ್ಲಿನ ಪಾಲು. ನಮ್ಮ ಮನೆಗಳಲ್ಲಿ ಪಲ್ಯ ಅಂದರೆ ತಟ್ಟೆಯ ಅಂಚಿಗೆ ಎರಡು ಚಮಚ. ಇಲ್ಲಿ ಪಲ್ಯ ನಡುವಿಗೆ ಬರಬೇಕು, ಅನ್ನ ಅಂಚಿಗೆ ಹೋಗಬೇಕು. ಹಾಗಾದರೆ ತರಕಾರಿ ಖರೀದಿಯೂ ಹೆಚ್ಚಬೇಕು: ನಾಲ್ಕು ಜನಕ್ಕೆ ಅರ್ಧ ಕೆಜಿ ಹುರುಳಿಕಾಯಿ ತಂದರೆ ಸಾಲುವುದಿಲ್ಲ, ಒಂದು ಹೊತ್ತಿಗೇ ಮುಕ್ಕಾಲು ಕೆಜಿ ಮೇಲೆ ಬೇಕು. ಹೀರೆ, ಸೋರೆ, ಪಡವಲ, ಹಾಗಲ, ಬೆಂಡೆ, ಬದನೆ, ಎಲ್ಲ ಸೊಪ್ಪೂ ಆಗುತ್ತದೆ. ಆಲೂಗಡ್ಡೆ, ಗೆಣಸು, ಸುವರ್ಣಗಡ್ಡೆ ಅನ್ನದ ಲೆಕ್ಕಕ್ಕೇ ಸೇರಿಸಿ. ಉಪ್ಸಾರು, ಬಸ್ಸಾರು ಈ ಊಟಕ್ಕೆ ಹೇಳಿ ಮಾಡಿಸಿದ ಹಾಗಿವೆ.

ಮಾತ್ರೆಚೀಟಿ:

ಮೇಲಿನವರ ಲೆಕ್ಕ ಸರಿ ಇದೆ, ಆದರೆ ಮೊದಲ ದಿನಕ್ಕೂ ಮುಂಚೆ ಒಂದು ಕೆಲಸ ಮಾಡಿ. ಶುಗರ್ ಇರುವ ಐವರೂ ತಮ್ಮ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಲಿ. ಮುಂದೆ ಇರುವುದು ಕಂಪನಿಯ ಹೆಸರು, ಒಳಗೆ ಎರಡು ಮೂರು ಔಷಧ ಒಟ್ಟಿಗಿರುತ್ತವೆ.

ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಇದ್ದರೆ, ಅಥವಾ ಇನ್ಸುಲಿನ್ ಇದ್ದರೆ, ಊಟದ ಕಾರ್ಬ್ ಅರ್ಧಕ್ಕಿಳಿದ ದಿನವೇ ಶುಗರ್ ತೀರಾ ಕೆಳಗೆ ಬೀಳಬಹುದು. ಹಿಂದಿನ ಡೋಸ್ ಹಿಂದಿನ ಊಟಕ್ಕೆ ಬರೆದದ್ದು. ಇವರು ತಟ್ಟೆ ಬದಲಾಯಿಸುವ ಮೊದಲು ವೈದ್ಯರ ಬಳಿ "ಇಷ್ಟು ಗ್ರಾಂ ಇಳಿಸುತ್ತಿದ್ದೇನೆ" ಅಂತ ಸಂಖ್ಯೆ ಹೇಳಿ ಡೋಸ್ ಬರೆಸಿಕೊಳ್ಳಲೇಬೇಕು. ಮೆಟ್‌ಫಾರ್ಮಿನ್ ಒಂದೇ ಇದ್ದವರಿಗೆ ಈ ಭಯ ಬಹಳ ಕಡಿಮೆ. ಬೆವರು, ನಡುಕ, ಎದೆಬಡಿತ, ಮಂಕು ಬಂದು ಶುಗರ್ ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಚಮಚ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಲೋ ಕಾರ್ಬ್ ಅಲ್ಲವೇ ಅಂತ ಹಿಂಜರಿಯುವ ಹೊತ್ತಲ್ಲ ಅದು. ಚಾಕೊಲೇಟ್, ಹೋಳಿಗೆ ಬೇಡ. ಕೊಬ್ಬು ಸೇರಿರುವುದರಿಂದ ಸಕ್ಕರೆ ರಕ್ತಕ್ಕೆ ನಿಧಾನ ಹೋಗುತ್ತದೆ.

ಹೆಸರು "ಗ್ಲಿಫ್ಲೋಜಿನ್" ಅಂತ ಮುಗಿಯುವ ಮಾತ್ರೆ (ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್) ಇದ್ದರೆ ಅಪಾಯ ಬೇರೆ ಥರದ್ದು. ಇವು ಸಕ್ಕರೆಯನ್ನು ಮೂತ್ರಕ್ಕೆ ಬಿಡುತ್ತವೆ. ಜೊತೆಗೆ ಕಾರ್ಬ್ ತೀರಾ ಇಳಿಸಿದರೆ, ಉಪವಾಸ ಮಾಡಿದರೆ, ರಕ್ತದಲ್ಲಿ ಕೀಟೋನ್ (ದೇಹ ಕೊಬ್ಬನ್ನು ಉರಿಸುವಾಗ ಹುಟ್ಟುವ ವಸ್ತು) ಏರಿ ಆಮ್ಲ ಹೆಚ್ಚಬಹುದು. ಮೋಸ ಏನೆಂದರೆ ಮೀಟರ್ 150–200 ಅಷ್ಟೇ ತೋರಿಸುತ್ತಿರುತ್ತದೆ. ವಾಕರಿಕೆ, ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು ಬಂದರೆ ಗುಂಪಿನಲ್ಲಿ ಕೇಳುತ್ತಾ ಕೂರದೆ ತುರ್ತು ಚಿಕಿತ್ಸೆಗೆ ಹೋಗಿ, ಮಾತ್ರೆಯ ಹೆಸರು ಹೇಳಿ, ಕೀಟೋನ್ ನೋಡಿಸಿ.

ಬಿಪಿಯ ಮೂವರಿಗೆ: ಇನ್ಸುಲಿನ್ ಮಟ್ಟ ಇಳಿದಾಗ ಮೂತ್ರಪಿಂಡ ಉಪ್ಪು, ನೀರು ಹೆಚ್ಚು ಬಿಡುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಬಿಪಿ ಅಳೆದು ವೈದ್ಯರಿಗೆ ತಿಳಿಸಿ, ಮಾತ್ರೆ ಇಳಿಸಬೇಕಾಗಬಹುದು. ಬಿಪಿ ಇಲ್ಲದವರಿಗೆ ಮೊದಲ ವಾರದ ತಲೆನೋವು, ಸುಸ್ತು, ಕಾಲಿನ ಸೆಳೆತಕ್ಕೂ ಇದೇ ಕಾರಣ. ದಿನದ ಮಜ್ಜಿಗೆಯಲ್ಲಿ ಅರ್ಧ ಚಮಚ ಉಪ್ಪು ಹಂಚಿ ಹಾಕಿಕೊಂಡರೆ ಸಾಮಾನ್ಯವಾಗಿ ಹೋಗುತ್ತದೆ. ಟೆಲ್ಮಿಸಾರ್ಟಾನ್‌ನಂಥ ಮಾತ್ರೆ ತಗೊಳ್ಳುವವರು, ಕಿಡ್ನಿ ತೊಂದರೆ ಇರುವವರು "ಲೋ ಸೋಡಿಯಂ" ಉಪ್ಪು ತರಬೇಡಿ. ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ, ಅದು ದೇಹದಲ್ಲಿ ಏರಿ ಕೂರಬಹುದು.

ಬಸುರಿಯರು, ಬಾಣಂತಿಯರು, ಟೈಪ್ 1 ಶುಗರ್ ಇರುವವರು ಈ ಗುಂಪಿನ ಲೆಕ್ಕದಲ್ಲಿ ನಡೆಯಬಾರದು.

ಅಗಸಿಹಿಂಡಿ:

ಸರ, ಮುದ್ದಿ ಲೆಕ್ಕ ಆತು. ಗುಂಪಿನ್ಯಾಗ ನಮ್ಮ ಧಾರವಾಡ ಕಡಿಯವರು ಇದ್ರ ಇದನ್ನೂ ಸೇರಿಸ್ಕೊಳ್ರಿ. 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿ ಒಂದಕ್ಕ 34 ಗ್ರಾಂ. ಊಟಕ್ಕ ಒಂದೇ ರೊಟ್ಟಿ. ಕಟಕ ರೊಟ್ಟಿ ಹಗೂರ ಅನಸ್ತದ ಅಂತ ಮೂರು ನಾಕು ಮುರಕೊಂಡು ತಿಂತಾರ, ಅಲ್ಲೇ ತಪ್ಪತದ. ಒಣಗಿದಾಗ ಹೋಗೋದು ನೀರು, ಹಿಟ್ಟು ಅಷ್ಟs ಇರ್ತದ.

ರೊಟ್ಟಿ ಒಂದಾದ್ರೂ ಹೊಟ್ಟಿ ತುಂಬ್ಬೇಕಂದ್ರ ಸುತ್ತ ಇರೋದನ್ನ ಹೆಚ್ಚ ಮಾಡ್ರಿ: ಬದನಿಕಾಯಿ ಎಣ್ಣಿಗಾಯಿ, ಹಸಿ ಮೆಂತೆ ಸೊಪ್ಪು, ಸೌತಿಕಾಯಿ, ಮೂಲಂಗಿ, ಗಟ್ಟಿ ಮೊಸರು, ಎರಡು ಚಮಚ ಅಗಸಿ ಹಿಂಡಿ ಇಲ್ಲಾ ಗುರೆಳ್ಳು ಹಿಂಡಿ. ಹಿಂಡಿಯೊಳಗ ಪುಟಾಣಿ ಬೆರೆಸಬ್ಯಾಡ್ರಿ, ಪುಟಾಣಿ ಅಂದ್ರ ಹುರಿದ ಕಡಲಿ, ಅದರಾಗ ಕಾರ್ಬ್ ಐತಿ. ಝುಣಕ ಮಾಡಿದ ದಿವಸ ಕಡ್ಲಿ ಹಿಟ್ಟು ಒಬ್ಬರಿಗೆ 40 ಗ್ರಾಂ ಮೀರಬಾರದು, ಅದs 20 ಗ್ರಾಂ ಮ್ಯಾಲ ಆಗ್ತದ. ಅವತ್ತು ಬ್ಯಾಳಿ ಬ್ಯಾಡ.

ಮಲಬದ್ಧತೆ ಆಗ್ತದ ಅಂತ ಎರಡನೇ ವಾರ ಎಲ್ಲಾರೂ ಹೇಳ್ತಾರ. ರೊಟ್ಟಿ, ಮುದ್ದಿ ಇಳಿಸಿದಾಗ ಅದರಾಗಿನ ನಾರೂ ಹೋಗಿರ್ತದ. ಹಿಂಡಿ, ಸೊಪ್ಪು ಅದನ್ನ ತುಂಬಿಸ್ತಾವ, ನೀರು ಮಾತ್ರ ಹೆಚ್ಚ ಕುಡೀಬೇಕ್ರಿ.

ಮೂವರಕೂಟ:

ಗುಂಪು ನಿಲ್ಲಿಸುವ ವಿಷಯ. ಹನ್ನೆರಡು ಜನರ ಒಂದು ಗುಂಪು ಅಂದರೆ ಯಾರೂ ಯಾರನ್ನೂ ಗಮನಿಸದ ಗುಂಪು. ಮೂರು ಮೂರು ಜನರ ನಾಲ್ಕು ಕೂಟ ಮಾಡಿ. ಶುಗರ್ ಇರುವವರ ಜೊತೆಗೆ ಇಲ್ಲದವರು ಒಬ್ಬರಾದರೂ ಇರಲಿ, ಗ್ಲೂಕೋಸ್ ಪುಡಿ ಎಲ್ಲಿದೆ ಅಂತ ಅವರಿಗೆ ಗೊತ್ತಿರಲಿ. ಒಬ್ಬರು ಒಂದು ದಿನ ಮಾತಾಡದಿದ್ದರೆ ಉಳಿದಿಬ್ಬರು ಫೋನ್ ಮಾಡಬೇಕು. ಮೆಸೇಜ್ ಅಲ್ಲ, ಫೋನ್.

ತಟ್ಟೆಯ ಫೋಟೋ ಕೂಟದ ಒಳಗೆ ಮಾತ್ರ, ಊಟಕ್ಕೆ ಮುಂಚೆ. ಎಲ್ಲರೂ ಒಂದೇ ಅಳತೆಯ ಸ್ಟೀಲ್ ತಟ್ಟೆ, ಒಂದೇ ಬಟ್ಟಲು ಇಟ್ಟುಕೊಳ್ಳಿ. ಮೊದಲ ದಿನ 100 ಗ್ರಾಂ ಅನ್ನ ತೂಗಿ ಆ ಬಟ್ಟಲಿಗೆ ಹಾಕಿ, ಒತ್ತದೆ ಮಟ್ಟ ಮಾಡಿ, ಅನ್ನ ನಿಂತ ಜಾಗಕ್ಕೆ ಒಳಗಡೆ ಮೊಳೆಯಿಂದ ಗೀರು ಹಾಕಿ. ಮುಂದೆ ತಕ್ಕಡಿ ಬೇಕಿಲ್ಲ, ಗೀರು ನೋಡಿದರೆ ಆಯಿತು. ಗೀರಿನ ಮೇಲೆ ಗುಡ್ಡೆ ಇದ್ದರೆ ಫೋಟೋದಲ್ಲೇ ಕಾಣುತ್ತದೆ.

ದೊಡ್ಡ ಗುಂಪಿನಲ್ಲಿ ತೂಕ ಹಾಕಬೇಡಿ. ಮೊದಲ ವಾರ ಒಂದೂವರೆ, ಎರಡು ಕೆಜಿ ಇಳಿಯುವುದು ಹೆಚ್ಚಾಗಿ ನೀರು. ಪಿತ್ತಜನಕಾಂಗ, ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಒಂದು ಗ್ರಾಂ ಕರಗಿದರೆ ಜೊತೆಗೆ ಸುಮಾರು 3 ಗ್ರಾಂ ನೀರೂ ಹೋಗುತ್ತದೆ. ಮೂರನೇ ವಾರ ಅದು ನಿಂತಾಗ "ಕೆಲಸ ಮಾಡ್ತಿಲ್ಲ" ಅಂತ ಬಿಡುತ್ತಾರೆ. ನೀವು ಕೇಳಿದ ಮೂರನೇ ವಾರದ ಮುರಿತಕ್ಕೆ ದೊಡ್ಡ ಕಾರಣ ಇದೇ. ಮುಟ್ಟಿನ ವಾರದಲ್ಲಿ ಹೆಂಗಸರ ತೂಕ ಒಂದು ಕೆಜಿ ಏರುವುದೂ ನೀರೇ. ಇದನ್ನೆಲ್ಲ ಮೊದಲ ಭಾನುವಾರವೇ ಹೇಳಿಬಿಡಿ.

ಅಳೆಯುವುದಾದರೆ ಸೊಂಟ ಅಳೆಯಿರಿ: ಭಾನುವಾರ ಬೆಳಿಗ್ಗೆ ಮನೆಯಲ್ಲೇ, ಬರಿಹೊಟ್ಟೆಯಲ್ಲಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಟೇಪು ಬಿಗಿಯದೆ. ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ತಂತಮ್ಮ ಪುಸ್ತಕದಲ್ಲಿ ಬರೆದುಕೊಂಡರೆ ಸಾಕು.

ಎರಡು ನಿಯಮ ಕಟ್ಟುನಿಟ್ಟಾಗಿರಲಿ. ಮಾತ್ರೆ ಬಿಡು, ಇಳಿಸು ಅಂತ ಗುಂಪಿನಲ್ಲಿ ಯಾರೂ ಹೇಳಕೂಡದು. ಮತ್ತು ಒಬ್ಬರು ತಪ್ಪಿ ತಿಂದದ್ದನ್ನು ಬರೆದಾಗ "ಯಾಕೆ ತಿಂದ್ರಿ" ಅನ್ನಕೂಡದು, "ಮುಂದಿನ ಊಟ ಏನು" ಅಂತ ಕೇಳಿ. ಒಮ್ಮೆ ಬೈಸಿಕೊಂಡವರು ಆಮೇಲೆ ಬರೆಯುವುದನ್ನೇ ನಿಲ್ಲಿಸುತ್ತಾರೆ.

ಮದುವೆಮನೆ ಎಲೆಯ ಮುಂದೆ ಕೂತಾಗ ಕೋಸಂಬರಿ, ಪಲ್ಯ ಮೊದಲು ಮುಗಿಸಿ, ಇನ್ನೊಮ್ಮೆ ಬಡಿಸಿಕೊಳ್ಳಿ, ಅನ್ನಕ್ಕೆ ಆಮೇಲೆ ಕೈಹಾಕಿ. ತರಕಾರಿ, ಬೇಳೆ ಮೊದಲು ಹೋದರೆ ಸಕ್ಕರೆಯ ಏರಿಕೆ ತಗ್ಗುತ್ತದೆ. ಹೋಳಿಗೆ ತಿನ್ನಲೇಬೇಕಾದರೆ ಒಂದು, ಆ ಹೊತ್ತು ಅನ್ನ ಬಿಡಿ. ಏಕಾದಶಿ ದಿನ ಅನ್ನ ಬಿಟ್ಟು ಸಬ್ಬಕ್ಕಿ, ಆಲೂಗಡ್ಡೆ ತಿಂದರೆ ಕಾರ್ಬ್ ಇಳಿಯುವುದಿಲ್ಲ, ಏರುತ್ತದೆ. ಮಾತ್ರೆ ತಗೊಳ್ಳುವವರಂತೂ ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು.

ಬೇಳೆಬಟ್ಟಲು:

ಎಲ್ಲರಿಗೂ ತುಂಬಾ ಧನ್ಯವಾದ. ಸ್ಟ್ರಿಪ್ ಓದಿಸುವ ಕೆಲಸ ಈ ವಾರವೇ ಮಾಡಿಸುತ್ತೇವೆ. ಒಂದು ಕೊನೆ ಪ್ರಶ್ನೆ: ಮೀಟರ್ ಯಾವಾಗ ನೋಡಬೇಕು? ರಾತ್ರಿ ಏನೂ ತಿನ್ನದಿದ್ದರೂ ಬೆಳಿಗ್ಗೆ ಶುಗರ್ ಜಾಸ್ತಿ ಬರುತ್ತೆ ಅಂತಾರಲ್ಲ?

ಮಾತ್ರೆಚೀಟಿ:

ಬೆಳಗಿನ ಜಾವ ದೇಹ ಏಳಲು ಸಿದ್ಧವಾಗುವಾಗ ಪಿತ್ತಜನಕಾಂಗವೇ ಸಕ್ಕರೆ ಬಿಡುತ್ತದೆ. ಹಾಗಾಗಿ ಊಟ ಬದಲಾಯಿಸಿದಾಗ ಬೆಳಗಿನ ಅಂಕಿ ಎಲ್ಲಕ್ಕಿಂತ ಕೊನೆಗೆ ಇಳಿಯುವುದುಂಟು. ಅದೊಂದನ್ನೇ ನೋಡಿ ಬೇಸರಪಡಬೇಡಿ. ಮಧ್ಯಾಹ್ನದ ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಒಮ್ಮೆ ನೋಡಿ. ವ್ಯತ್ಯಾಸ 50 ದಾಟಿದರೆ ಆ ಊಟದ ಮುದ್ದೆ ಅಥವಾ ಅನ್ನ ಇನ್ನೊಂದಷ್ಟು ಇಳಿಸಿ. ಇನ್ಸುಲಿನ್ ಇರುವವರು ವೈದ್ಯರು ಹೇಳಿದಷ್ಟು ಸಲ ನೋಡಲೇಬೇಕು. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ), ಕೊಲೆಸ್ಟರಾಲ್ ಶುರುವಿನಲ್ಲಿ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ. ಎಂಟು ವಾರಕ್ಕೆ ಮಾಡಿಸಿದರೆ ಪೂರ್ತಿ ಬದಲಾವಣೆ ಕಾಣುವುದಿಲ್ಲ.

ಚುಚ್ಚುವ ಮೊದಲು ಸೋಪಿನಲ್ಲಿ ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ, ಬೆರಳ ತುದಿಗಲ್ಲ, ಪಕ್ಕಕ್ಕೆ ಚುಚ್ಚಿ. ಮಾವಿನಹಣ್ಣು ಹೆಚ್ಚಿದ ಕೈಯನ್ನು ಸೆರಗಿಗೋ ಪಂಚೆಗೋ ಒರೆಸಿ ಚುಚ್ಚಿದರೆ ಬೆರಳಿಗಂಟಿದ ರಸವೇ ಮೀಟರಿಗೆ ಹೋಗಿ ಅಂಕಿ ಸುಳ್ಳುಸುಳ್ಳೇ ಏರುತ್ತದೆ. ಇನ್ಸುಲಿನ್ ತಗೊಳ್ಳುವವರು ಆ ಅಂಕಿ ನಂಬಿ ಡೋಸ್ ಹಾಕಿಕೊಂಡರೆ ಅಪಾಯ. ಅನುಮಾನ ಬಂದರೆ ಕೈ ತೊಳೆದು ಬೇರೆ ಬೆರಳಲ್ಲಿ ಇನ್ನೊಮ್ಮೆ ನೋಡಿ.