ಹಳೇ ರೌಂಡ್ ಬೇಲರ್ ತಗೊಳ್ಳಬಹುದಾ? ಇಟ್ಟುಕೊಂಡವರು ಅನುಭವ ಹೇಳಿ

ಯಲಹಂಕ ರಾಗಿಮುದ್ದೆ:
ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ಯಲಹಂಕದಲ್ಲಿ, ಜಮೀನು ದೊಡ್ಡಬಳ್ಳಾಪುರದ ಹತ್ತಿರ ಐದು ಎಕರೆ. ಅಪ್ಪ ಎಂಟು ಹಸು ಕಟ್ಟಿದ್ದಾರೆ. 42 ಎಚ್‌ಪಿ ಟ್ರ್ಯಾಕ್ಟರ್ ಇದೆ. ರಾಗಿ ಕೊಯ್ಯಲು ಆಳು ಸಿಗುವುದಿಲ್ಲ, ಊರವರೆಲ್ಲ ಕಟಾವು ಮಿಷನ್ ಬಿಡಿಸುತ್ತಾರೆ. ಹುಲ್ಲು ಹೊಲದಲ್ಲೇ ಸಾಲು ಬಿದ್ದಿರುತ್ತದೆ. ಮೆದೆ ಒಟ್ಟುವವರೂ ಈಗ ಇಲ್ಲ. ಮಾಲೂರು ಕಡೆ ಒಬ್ಬರ ಹತ್ತಿರ 2016ರ ರೌಂಡ್ ಬೇಲರ್, ಅಂದರೆ ಸಾಲು ಬಿದ್ದ ಹುಲ್ಲನ್ನು ಎತ್ತಿ ರೋಲ್ ಸುತ್ತುವ ಮಿಷನ್, ಇದೆ. ಪಂಜಾಬಿನಿಂದ ಬಂದದ್ದಂತೆ. ಎರಡಡಿ ದಪ್ಪ, ಮೂರಡಿ ಉದ್ದದ ಸಣ್ಣ ರೋಲ್. 1,65,000 ಹೇಳುತ್ತಾರೆ. ಅಕ್ಕಪಕ್ಕದ ಹೊಲ ಸೇರಿ ನಲವತ್ತು ಎಕರೆ ಕೆಲಸ ಸಿಗಬಹುದು. ತಗೊಳ್ಳಲಾ? ಏನೇನು ನೋಡಬೇಕು? ವರ್ಷಕ್ಕೆ ರಿಪೇರಿಗೆ ಎಷ್ಟು ಎತ್ತಿಡಬೇಕು?

ಸೂಲಿಬೆಲೆ ಸವಾರ:
ನಾನು 2021ರಲ್ಲಿ ತಗೊಂಡೆ. 1,80,000. ನನ್ನದೂ ಪಂಜಾಬ್ ಮಾಲೇ. ಫೋಟೊದಲ್ಲಿ ಮದುವೆ ಹೆಣ್ಣಿನ ಹಾಗೆ ಹೊಳೆಯುತ್ತಿತ್ತು. 50,000 ಮುಂಗಡ ಕಳಿಸಿದೆ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ. ಅಲ್ಲಿಂದ ಮುಂದೆ ಎಲ್ಲ ಅವನು ಹೇಳಿದ ಹಾಗೆ.

ಮೊದಲ ದಿನ ಹತ್ತೊಂಬತ್ತು ರೋಲ್ ಬಂತು. ಇಪ್ಪತ್ತನೆಯದು ಒಳಗೇ ನಿಂತಿತು. ಪಕ್ಕದ ಕವರ್ ಬಿಚ್ಚಿದರೆ ಚೈನು ತೊಟ್ಟಿಲ ಹಗ್ಗದ ಹಾಗೆ ಜೋತು ಬಿದ್ದಿತ್ತು. ಲೆಕ್ಕ ಬರೆದಿಟ್ಟಿದ್ದೇನೆ, ಕೇಳಿ. ಲಾರಿ ಬಾಡಿಗೆ 14,000. ಬೇರಿಂಗ್ ಹತ್ತು, ಒಂದಕ್ಕೆ 620ರಂತೆ 6,200. ಚೈನ್ 9,400. ಸ್ಪ್ರಾಕೆಟ್ ಐದಕ್ಕೆ 7,500. ಎರಡು ರೋಲರ್ ಶಾಫ್ಟಿಗೆ ಲೇತ್ ಕೆಲಸ 11,000. ಪಿಟಿಒ ಶಾಫ್ಟಿನ (ಟ್ರ್ಯಾಕ್ಟರಿನಿಂದ ಬೇಲರನ್ನು ತಿರುಗಿಸುವ ಶಾಫ್ಟ್) ಕ್ರಾಸ್ ಎರಡು, 2,900. ಪಿಕಪ್ ಹಲ್ಲು 22, 2,420. ಹೈಡ್ರಾಲಿಕ್ ಪೈಪು 3,200. ವೆಲ್ಡಿಂಗ್, ಓಡಾಟ, ಟೀ ಎಲ್ಲ ಸೇರಿ 4,500. ಒಟ್ಟು 61,120.

ಆ ಸೀಸನ್ನಿನಲ್ಲಿ 3,100 ರೋಲ್ ಸುತ್ತಿದೆ. ರೋಲಿಗೆ 40ರಂತೆ 1,24,000 ಬಂತು. ಡೀಸೆಲ್, ದಾರ, ಡ್ರೈವರ್ ಸಂಬಳ ಕಳೆದು ಕೈಗೆ ಸಿಕ್ಕಿದ್ದು 38,000. ಈಗ ನೀವೇ ಕೂಡಿ ಕಳೆದು ನೋಡಿ. ಹೆಂಡತಿ ಇವತ್ತಿಗೂ ಆ ಮಿಷನ್ನನ್ನು 'ನಿಮ್ಮ ಎರಡನೇ ಸಂಸಾರ' ಅನ್ನುತ್ತಾಳೆ.

ಪೀಣ್ಯ ಲೇತ್:
ಸವಾರ ಅಣ್ಣಾ, ಬೇಜಾರು ಮಾಡ್ಕೋಬೇಡಿ, ನೀವು ಕಣ್ಣು ಮುಚ್ಚಿಕೊಂಡು ತಗೊಂಡಿದ್ದೀರಿ. ಘಾಟಿ ಜಾತ್ರೆಯಲ್ಲಿ ಎತ್ತು ತಗೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತೀವಿ. ಸ್ಪ್ರಾಕೆಟ್ಟಿಗೂ ಹಲ್ಲಿದೆ, ಅದನ್ನು ಯಾರೂ ನೋಡುವುದಿಲ್ಲ. ಹಲ್ಲು ಒಂದು ಕಡೆಗೆ ಕೊಕ್ಕೆಯ ಹಾಗೆ ಬಾಗಿದ್ದರೆ ಚೈನ್ ಕಥೆಯೂ ಮುಗಿದಿದೆ ಅಂತ ಅರ್ಥ. ಹಳೇ ಸ್ಪ್ರಾಕೆಟ್ಟಿಗೆ ಹೊಸ ಚೈನ್ ಹಾಕಿದರೆ ಹೊಸದೂ ಒಂದೇ ಸೀಸನ್. ಎರಡನ್ನೂ ಒಟ್ಟಿಗೇ ಬದಲಿಸಬೇಕು.

ನಮ್ಮ ಶೆಡ್ಡಿಗೆ ವರ್ಷಕ್ಕೆ ಹತ್ತು ಹನ್ನೆರಡು ಬೇಲರ್ ಬರುತ್ತವೆ. ಬೇರಿಂಗ್ ಹೋದಾಗ ಯಾರೂ ನಿಲ್ಲಿಸುವುದಿಲ್ಲ. ಇನ್ನೊಂದು ಹೊಲ, ಇನ್ನೊಂದು ಹೊಲ ಅಂತ ಓಡಿಸುತ್ತಾರೆ. ಆಗ ಬೇರಿಂಗಿನ ಒಳಬಳೆ ಶಾಫ್ಟಿನ ಮೇಲೇ ತಿರುಗಲು ಶುರುವಾಗುತ್ತದೆ. 206 ನಂಬರ್ ಬೇರಿಂಗಿಗೆ ಶಾಫ್ಟ್ 30 ಮಿ.ಮೀ. ಇರಬೇಕು. ನನ್ನ ಹತ್ತಿರ ಬಂದಾಗ 29 ಆಗಿರುತ್ತದೆ. 620 ರೂಪಾಯಿಯ ಕೆಲಸ 5,500 ಆಗುವುದು ಹೀಗೆ. ಕೆಲವರು ವೆಲ್ಡಿಂಗ್ ರಾಡ್ ಸುಟ್ಟು ಗ್ರೈಂಡರ್ ಹಿಡಿದು ಕಳಿಸುತ್ತಾರೆ. ಅದು ದುಂಡಗಿರುವುದಿಲ್ಲ, ತಿಂಗಳಲ್ಲಿ ವಾಪಸ್ ಬರುತ್ತದೆ. ಲೇತಿಗೆ ಕಟ್ಟಿ ತಿರುವಿದರೇ ಸರಿ.

ಇನ್ನೊಂದು ವಿಷಯ. ದಯವಿಟ್ಟು ಮಿಷನ್ ತೊಳೆದುಕೊಂಡು ಬನ್ನಿ. ಹುಲ್ಲು, ಮಣ್ಣು, ಇಲಿ ಗೂಡು ಎಲ್ಲ ಸಮೇತ ತಂದು ನಿಲ್ಲಿಸುತ್ತೀರಿ.

ಸೂಲಿಬೆಲೆ ಸವಾರ:
ಎರಡು ಶಾಫ್ಟಿಗೆ 11,000 ಕಿತ್ತವರು ನಿಮ್ಮ ಬೀದಿಯವರೇ ಇರಬೇಕು. ಅರ್ಧ ದಿನದ ಕೆಲಸ ಅದು. ಎದುರಿಗೇ ಕೂತು ನೋಡಿದ್ದೇನೆ.

ಪೀಣ್ಯ ಲೇತ್:
ಅರ್ಧ ದಿನದಲ್ಲಿ ಮಾಡಲು ಇಪ್ಪತ್ತು ವರ್ಷ ಕಲಿತಿದ್ದೀವಿ ಸ್ವಾಮಿ. ಕಲಾಸಿಪಾಳ್ಯದಲ್ಲಿ ಡಬ್ಬಿ ಮೇಲೆ ಹೆಸರು ನೋಡಿ ಡೂಪ್ಲಿಕೇಟ್ ಬೇರಿಂಗ್ ತಂದವರು ಯಾರು? ಅದನ್ನೂ ಬರೆಯಿರಿ.

ಮಾಗಡಿ ಮೇಷ್ಟ್ರು:
ಇಷ್ಟೆಲ್ಲ ತಲೆನೋವು ಯಾಕೆ? ನಾನು ಹೊಸದನ್ನೇ ತಗೊಂಡೆ, ಸಬ್ಸಿಡಿಯಲ್ಲಿ. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ 2014-15ರಿಂದಲೂ ಇದೆ. ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ನಂಬರ್), ಪಹಣಿ, ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ನಾನು ಹದಿನೇಳು ಸಲ ಹೋದೆ. ಹೌದು, ಎಣಿಸಿದ್ದೇನೆ. ಹದಿನಾಲ್ಕು ತಿಂಗಳು ಹಿಡಿಯಿತು. ಆದರೆ ಇವತ್ತಿನವರೆಗೆ ಒಂದು ಬೇರಿಂಗ್ ಬದಲಿಸಿಲ್ಲ. ಪ್ರತಿ ದಿನ ಬೆಳಿಗ್ಗೆ ಎಲ್ಲ ನಿಪ್ಪಲ್ಲಿಗೂ ಗ್ರೀಸ್, ಸಂಜೆ ಚೈನ್ ಬಿಸಿ ಇರುವಾಗಲೇ ಆಯಿಲ್. ಡ್ರೈವರನಿಗೆ ಬಿಡುವುದಿಲ್ಲ, ನಾನೇ ಮಾಡುತ್ತೇನೆ.

ಮದ್ದೂರು ಭತ್ತ:
ಮೇಷ್ಟ್ರೇ, ನಿಮ್ಮದು ವರ್ಷಕ್ಕೆ ಎಷ್ಟು ರೋಲ್?

ಮಾಗಡಿ ಮೇಷ್ಟ್ರು:
ಹೋದ ವರ್ಷ 460.

ಮದ್ದೂರು ಭತ್ತ:
ಅದು ನಮಗೆ ಎರಡು ದಿನದ ಕೆಲಸ. 460 ರೋಲಿಗೆ ಬೇರಿಂಗ್ ಹೋದರೆ ಅದು ಮಿಷನ್ ಅಲ್ಲ, ಜಾತ್ರೆ ಆಟಿಕೆ.

ನನ್ನ ಹತ್ತಿರ ಎರಡಿವೆ, ಎರಡೂ ಸೆಕೆಂಡ್ ಹ್ಯಾಂಡು. ನಾಲೆ ನೀರಿನ ಕಡೆ ಭತ್ತದ ಹುಲ್ಲು. ರಾಗಿ ಹುಲ್ಲು ಸುತ್ತುವುದು ಮಕ್ಕಳಾಟ. ಭತ್ತದ ಹುಲ್ಲು ಉದ್ದ, ಜಾರುತ್ತದೆ, ಹಸಿ ಇದ್ದರೆ ರೋಲರಿಗೆ ಸೀರೆಯ ಹಾಗೆ ಸುತ್ತಿಕೊಳ್ಳುತ್ತದೆ. ಬಾಕು ಹಿಡಿದು ಕುಯ್ಯಬೇಕು. ಮಿಷನ್ ಹಳೆಯದಾದರೂ ಪರವಾಗಿಲ್ಲ, ಓಡಿಸುವವನು ಸರಿ ಇರಬೇಕು. ಪಿಟಿಒ 540 ಸುತ್ತು ಅಂದರೆ 540. ಬೇಗ ಮುಗಿಯಲಿ ಅಂತ ಎಕ್ಸಿಲೇಟರ್ ಎಳೆದರೆ ಚೈನ್ ಹಾರುತ್ತದೆ. ಸಾಲು ಸಣ್ಣದಿದ್ದರೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹಾವಿನ ಹಾಗೆ ಹೋಗಬೇಕು. ನೆಟ್ಟಗೆ ಹೋದರೆ ರೋಲ್ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ನೋಡಲು ಮೃದಂಗ. ಒಂದೇ ಕಡೆ ಒತ್ತಡ ಬಿದ್ದರೆ ಬೇರಿಂಗೂ ಅದೇ ಕಡೆಯದು ಹೋಗುತ್ತದೆ.

ನಾನೂ ಪೆಟ್ಟು ತಿಂದಿದ್ದೇನೆ. ಮೊದಲ ವರ್ಷ ಶಿಯರ್ ಬೋಲ್ಟ್ ದಿನಕ್ಕೆ ನಾಲ್ಕು ಸಲ ಮುರಿಯುತ್ತಿತ್ತು. ಸಿಟ್ಟು ಬಂದು ಗಟ್ಟಿ ಹೈಟೆನ್ಷನ್ ಬೋಲ್ಟ್ ಜಡಿದೆ. ಬೋಲ್ಟ್ ಮುರಿಯಲಿಲ್ಲ. ಮೂರನೇ ದಿನ ಗೇರ್‌ಬಾಕ್ಸ್ ಒಳಗಿನ ಪಿನಿಯನ್ ಹಲ್ಲು ಉದುರಿತು. 23,000. ಸೀಸನ್ ಮಧ್ಯೆ ಒಂಬತ್ತು ದಿನ ಖಾಲಿ ಕೂತೆ. ಆ ಬೋಲ್ಟ್ ಇರುವುದೇ ಮುರಿಯಲಿಕ್ಕೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಆನೇಕಲ್ ಕೊಟ್ಟಿಗೆ:
ಭತ್ತದ ಅಣ್ಣಾ, ರಾಗಿ ಹುಲ್ಲು ಮಕ್ಕಳಾಟ ಅನ್ನಬೇಡಿ. ನಿಮ್ಮಂಥ ಬಾಡಿಗೆಯವರೊಬ್ಬರಿಂದ ನನಗೆ ಆದದ್ದನ್ನು ಕೇಳಿ.

ನಮ್ಮಲ್ಲಿ ಹದಿನಾರು ಹಸು. ಹುಲ್ಲು ಹೋಯಿತು ಅಂದರೆ ವರ್ಷವೇ ಹೋಯಿತು. ಹಿಂದಿನ ವರ್ಷ ಡಿಸೆಂಬರಿನಲ್ಲಿ ಬಾಡಿಗೆ ಬೇಲರ್ ಕರೆಸಿದೆ. ಬೆಳಿಗ್ಗೆ ಏಳಕ್ಕೇ ಬಂದು ನಿಂತ. ಹೊಲದ ತುಂಬ ಇಬ್ಬನಿ. ಹನ್ನೊಂದರವರೆಗೆ ಕಾಯಿರಿ ಅಂದೆ. ಇನ್ನೂ ಮೂರು ಊರಿದೆ ಅಕ್ಕ, ಏನೂ ಆಗಲ್ಲ ಅಂದ. ಸುತ್ತಿಯೇ ಬಿಟ್ಟ. 340 ರೋಲ್. ಶೆಡ್ಡಿನಲ್ಲಿ ಜೋಡಿಸಿ ಎಂಟು ದಿನ ಆದ ಮೇಲೆ ಕೈ ತೂರಿಸಿದರೆ ಒಳಗೆ ಅನ್ನದ ಪಾತ್ರೆಯ ಬಿಸಿ. ಫೆಬ್ರವರಿಯಲ್ಲಿ ಬಿಚ್ಚಿದರೆ ಬೂಷ್ಟು, ಕರೀ ಪುಡಿ. ಹಸು ಮೂಸಿ ಮುಖ ತಿರುಗಿಸಿತು. ಮತ್ತೆ ಹುಲ್ಲು ಕೊಂಡೆ, ಲೋಡಿಗೆ 18,000ರಂತೆ ಎರಡು ಲೋಡು. ಬೆಂಕಿ ಹೊತ್ತಿಕೊಳ್ಳಲಿಲ್ಲವಲ್ಲ, ಅದೇ ಪುಣ್ಯ.

ಹುಲ್ಲಿನ ತೇವ ನೂರಕ್ಕೆ ಹದಿನೆಂಟರ ಒಳಗಿರಬೇಕು ಅನ್ನುತ್ತಾರೆ. ನನಗೆ ಮೀಟರ್ ಇಲ್ಲ. ಒಂದು ಹಿಡಿ ತೆಗೆದು ತಿರುಚಿದರೆ ಪಟಪಟ ಮುರಿಯಬೇಕು, ಅಷ್ಟೇ. ಆಮೇಲೆ ಆ ಪ್ಲಾಸ್ಟಿಕ್ ದಾರ! ಬಿಚ್ಚುವಾಗ ತುಂಡು ಉಳಿದು ಹಸು ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಕರಗುವುದೂ ಇಲ್ಲ, ಹೊರಗೆ ಬರುವುದೂ ಇಲ್ಲ. ಒಂದು ಹಸುವಿಗೆ ಡಾಕ್ಟರು ಹೊಟ್ಟೆ ಕುಯ್ದು ದಾರದ ಉಂಡೆ ತೆಗೆದರು. ಸಣಬಿನ ದಾರ ಬಿಟ್ಟು ಬೇರೆ ಹಾಕುವವನನ್ನು ನಾನು ಹೊಲಕ್ಕೆ ಬಿಡುವುದಿಲ್ಲ.

ಮದ್ದೂರು ಭತ್ತ:
ಅಕ್ಕಾ, ಸಣಬಿಗೆ ಇಲಿ ಬೀಳುತ್ತದೆ, ಗೆದ್ದಲು ಹತ್ತುತ್ತದೆ. ನಮ್ಮ ರೋಲು ಕೇರಳಕ್ಕೆ ಹೋಗುತ್ತದೆ. ಲಾರಿಯಲ್ಲಿ ದಾರ ಬಿಚ್ಚಿಕೊಂಡರೆ ದುಡ್ಡು ಕೊಡುವುದಿಲ್ಲ. ದಾರ ಕುಯ್ದು ಎಣಿಸಿ ಎತ್ತಿಡುವುದು ಹಸು ಸಾಕುವವರ ಕೆಲಸ.

ಆನೇಕಲ್ ಕೊಟ್ಟಿಗೆ:
ಹೌದಪ್ಪ, ತಪ್ಪೆಲ್ಲ ಹಸು ಸಾಕುವವರದ್ದೇ.

ವೈಟ್‌ಫೀಲ್ಡ್ ರೈತ:
ನನ್ನದು ಸ್ವಲ್ಪ ಬೇರೆ ಥರದ ಕಥೆ. ಕುದುರೆ ಫಾರಂ ಒಂದರ ಹರಾಜಿನಲ್ಲಿ ಬೆಲ್ಟ್ ಇರುವ ದೊಡ್ಡ ಬೇಲರ್ ಸಿಕ್ಕಿತು. ಸುಮಾರು ಓದಿಕೊಂಡೇ ತಗೊಂಡೆ. ರೋಲರ್ ಬೇಲರಿನಲ್ಲಿ ಉಂಡೆಯ ನಡುಭಾಗ ಸಡಿಲ, ಹೊರಗೆ ಗಟ್ಟಿ. ಬೆಲ್ಟ್ ಮಾದರಿಯಲ್ಲಿ ನಡುವಿನಿಂದಲೇ ಬಿಗಿಯಾಗಿ ಬರುತ್ತದೆ. ಅಮೆರಿಕದಲ್ಲಿ ಆಲಿಸ್-ಚಾಮರ್ಸ್ ಕಂಪನಿ 1947ರಲ್ಲೇ ನಮ್ಮ ರೋಲಿನಷ್ಟೇ ಸಣ್ಣ ರೋಲ್ ಮಾಡುವ ಮಿಷನ್ ಮಾರುತ್ತಿತ್ತು. ದೊಡ್ಡ ರೋಲ್ ಶುರುವಾದದ್ದು 1971ರಲ್ಲಿ, ವರ್ಮೀರ್ ಕಂಪನಿಯಿಂದ. ಒಬ್ಬನೇ ಮನುಷ್ಯ ಇಡೀ ಹೊಲದ ಹುಲ್ಲು ಮುಗಿಸಲಿ ಅನ್ನುವುದು ಅದರ ಲೆಕ್ಕ.

ಪೀಣ್ಯ ಲೇತ್:
ಸಾರ್, ಪಾಠ ಸಾಕು. ರೋಲ್ ಎಷ್ಟು ತೂಕ ಬಂತು?

ವೈಟ್‌ಫೀಲ್ಡ್ ರೈತ:
ಅಲ್ಲಿಗೇ ಬರುತ್ತಿದ್ದೆ. ಸುಮಾರು 200 ಕೆ.ಜಿ. ಚೆನ್ನಾಗೇ ಬಂತು. ಆದರೆ ಎತ್ತುವವರು ಯಾರು? ನನ್ನ ಹತ್ತಿರ ಲೋಡರ್ ಇರಲಿಲ್ಲ. ನಾಲ್ಕು ಜನ ನೂಕಿ ನೂಕಿ ಬದುವಿನ ಹತ್ತಿರ ತಂದೆವು, ಒಂದು ಉರುಳಿ ಕೆರೆಗೆ ಹೋಯಿತು. ಮಾರೋಣ ಅಂದರೆ ಕೊಳ್ಳುವವರು ಬರುವುದು ಟಿವಿಎಸ್‌ನಲ್ಲಿ. ಇಪ್ಪತ್ತು ಕೆ.ಜಿ. ರೋಲ್ ಆದರೆ ಹಿಂದೆ ಮೂರು ಕಟ್ಟಿಕೊಂಡು ಹೋಗುತ್ತಾರೆ, ಒಬ್ಬ ಹೆಂಗಸು ತಲೆ ಮೇಲೆ ಹೊರಬಹುದು. ನನ್ನದನ್ನು ಕೊಡಲಿಯಿಂದ ಕಡಿದು ಮಾರಬೇಕಾಯಿತು. ಎರಡು ಬೆಲ್ಟ್ ಹರಿದವು, ಜೋಡಿಸುವ ಕ್ಲಿಪ್ಪಿಗೆ ಊರೆಲ್ಲ ಸುತ್ತಿದೆ. ಕೊನೆಗೆ ಗುಜರಿಗೆ ಕೆ.ಜಿ. ಲೆಕ್ಕದಲ್ಲಿ ಹಾಕಿದೆ. ಆದರೂ ರೋಲ್ ಮಾತ್ರ ಬಹಳ ಚೆಂದ ಬರುತ್ತಿತ್ತು.

ಸೂಲಿಬೆಲೆ ಸವಾರ:
ಇದನ್ನು ಓದಿ ಮನಸ್ಸಿಗೆ ತುಂಬ ಸಮಾಧಾನ ಆಯಿತು ಸಾರ್.

ಹೆಸರು ಬೇಡ:
ಎಲ್ಲರೂ ದುಡ್ಡಿನ ಮಾತೇ ಆಡುತ್ತಿದ್ದೀರಿ. ಕೆಲವು ಹಳೇ ಮಿಷನ್ನಿನಲ್ಲಿ ದಾರ ತಾನಾಗಿ ಹಿಡಿಯುವುದಿಲ್ಲ. ದಾರದ ಚಾಕು ಮೊಂಡಾಗಿರುತ್ತದೆ, ಸ್ಪ್ರಿಂಗ್ ಸಡಿಲ ಆಗಿರುತ್ತದೆ. ಆಗ ಏನು ಮಾಡುತ್ತೀವಿ? ಮಿಷನ್ ಓಡುತ್ತಿರುವಾಗಲೇ ಪಕ್ಕದಲ್ಲಿ ನಿಂತು ಒಂದು ಹಿಡಿ ಹುಲ್ಲಿನ ಜೊತೆ ದಾರ ತುರುಕುತ್ತೀವಿ. ನೂರು ಸಲ ಮಾಡಿದ್ದೆ. ನೂರೊಂದನೇ ಸಲ ಬಲಗೈಯ ಎರಡು ಬೆರಳು ಹೋಯಿತು. ಕೂಗಿದ್ದು ಡ್ರೈವರನಿಗೆ ಕೇಳಿಸಲಿಲ್ಲ, ಹಾಡು ಹಾಕಿಕೊಂಡಿದ್ದ. ಆಸ್ಪತ್ರೆ ಖರ್ಚು 1,12,000. ಚಾಕು ಬದಲಿಸಲು 350 ಆಗುತ್ತಿತ್ತು.

ಟ್ರ್ಯಾಕ್ಟರ್ ಆಫ್ ಮಾಡಿ, ಕೀ ನಿಮ್ಮ ಜೇಬಿಗೆ ಹಾಕಿಕೊಳ್ಳಿ, ಆಮೇಲೆ ಕೈ ಹಾಕಿ. ಹಿಂದಿನ ಡೋರು ಎತ್ತಿದರೆ ಲಾಕ್ ಹಾಕದೆ ಅದರ ಕೆಳಗೆ ಹೋಗಬೇಡಿ. ಹೈಡ್ರಾಲಿಕ್ ಪೈಪು ಒಡೆದರೆ ಡೋರು ಒಂದೇ ಏಟಿಗೆ ಬೀಳುತ್ತದೆ.

ಮಾಗಡಿ ಮೇಷ್ಟ್ರು:
ಓದಿ ಸಂಕಟ ಆಯಿತಪ್ಪ. ಇದಕ್ಕೇ ನಾನು ಹೊಸದು ತಗೊಳ್ಳಿ ಅಂದದ್ದು.

ಹೆಸರು ಬೇಡ:
ನನ್ನದೂ ಹೊಸದೇ ಆಗಿತ್ತು ಮೇಷ್ಟ್ರೇ. ಆರನೇ ವರ್ಷದಲ್ಲಿ ಆದದ್ದು.

ಯಲಹಂಕ ರಾಗಿಮುದ್ದೆ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಅಪ್ಪನ ಜೊತೆ ಮಾಲೂರಿಗೆ ಹೋಗಿದ್ದೆ. ಮೊದಲು ಶೆಡ್ಡಿನಲ್ಲೇ ನೋಡಿ ಅಂದರು. ಇಲ್ಲ, ಹೊಲದಲ್ಲಿ ಓಡಿಸಿ ಅಂದೆವು. ಹನ್ನೆರಡು ರೋಲ್ ಸುತ್ತಿಸಿದೆವು. ಆಮೇಲೆ ಆಫ್ ಮಾಡಿಸಿ, ಕೀ ಇಸಕೊಂಡು, ಒಂದೊಂದೇ ಬೇರಿಂಗ್ ಮುಟ್ಟಿ ನೋಡಿದೆ. ಎಡಗಡೆ ಕೆಳಗಿನ ಎರಡು ಕೈ ಇಡಲು ಆಗದಷ್ಟು ಸುಡುತ್ತಿತ್ತು. ಒಂದರ ಸಂದಿಯಲ್ಲಿ ಪ್ಲಾಸ್ಟಿಕ್ ದಾರ ಸುತ್ತಿ ಕರಗಿ ಅಂಟಿತ್ತು. ಸ್ಪ್ರಾಕೆಟ್ ಹಲ್ಲು ಮೂರರಲ್ಲಿ ಕೊಕ್ಕೆ ಆಗಿದೆ. ಗೇರ್‌ಬಾಕ್ಸ್ ಆಯಿಲ್ ಕಪ್ಪಗಿತ್ತು, ಆದರೆ ಲೋಹದ ಚೂರು ಇರಲಿಲ್ಲ. ಅಪ್ಪ ಏನೂ ಮಾತಾಡಲಿಲ್ಲ, ಒಂದು ರೋಲ್ ಬಿಚ್ಚಿ ಹುಲ್ಲು ಮೂಸಿ ನೋಡಿದರು ಅಷ್ಟೇ. ಕಾರು ಹತ್ತುವಾಗ 1,15,000ಕ್ಕೆ ಕೇಳು ಅಂದರು. ಅವರು 1,40,000ಕ್ಕೆ ಇಳಿದಿದ್ದಾರೆ.

ಪೀಣ್ಯ ಲೇತ್:
ಕರಗಿದ ದಾರ ಅಂದರೆ ಸೀಲ್ ಹೋಗಿದೆ. ಶಾಫ್ಟ್ ಅಳತೆ ಮಾಡದೆ 1,20,000ದ ಮೇಲೆ ಹೋಗಬೇಡಿ. ಟ್ರ್ಯಾಕ್ಟರಿನಲ್ಲಿ ಇಪ್ಪತ್ತು ಲೀಟರ್ ನೀರಿನ ಕ್ಯಾನ್ ಯಾವಾಗಲೂ ಇರಲಿ. ಒಣ ಹುಲ್ಲಿನ ಪುಡಿ, ಕಾದ ಬೇರಿಂಗ್, ಇಷ್ಟು ಸಾಕು ಹೊತ್ತಿಕೊಳ್ಳಲು.

ಸೂಲಿಬೆಲೆ ಸವಾರ:
ಅವರ ಶೆಡ್ಡಿಗೆ ಹೋಗುವ ಮುಂಚೆ ರೇಟ್ ಬರೆಸಿಕೊಳ್ಳಿ.

ಯಲಹಂಕ ರಾಗಿಮುದ್ದೆ:
ಒಂದು ಡೌಟು ಉಳಿಯಿತು. ಸಣಬಿನ ದಾರ ಹಾಕಲಾ, ಪ್ಲಾಸ್ಟಿಕ್ಕಾ?

ಆನೇಕಲ್ ಕೊಟ್ಟಿಗೆ:
ಎಂಟು ಹಸು ಇಟ್ಟುಕೊಂಡು ಇದನ್ನೂ ಕೇಳುತ್ತೀರಲ್ಲ.

ಮದ್ದೂರು ಭತ್ತ:
ಪ್ಲಾಸ್ಟಿಕ್. ಇಲಿಗೆ ನೀವೇನು ಸಂಬಳ ಕೊಡುತ್ತೀರಾ?

ಆನೇಕಲ್ ಕೊಟ್ಟಿಗೆ:
ಬೆಕ್ಕು ಸಾಕಿ ಅಣ್ಣಾ, ಅರ್ಧ ಲೀಟರ್ ಹಾಲು ನಾನೇ ಕಳಿಸುತ್ತೇನೆ.