ಹೈಸ್ಕೂಲ್ ಮಕ್ಕಳ ಊಟ: ಡಯಟಿಷಿಯನ್ ಮೇಡಂಗೆ ಕೇಳಿ

ಮದ್ದೂರಿನ ತಾಯಿ: ಮೇಡಂ, ಮಗಳಿಗೆ 14 ವರ್ಷ. ಹಿಮೋಗ್ಲೋಬಿನ್ 8.6 ಬಂದಿದೆ. ಬೆಳಿಗ್ಗೆ ಬರೀ ಟೀ ಕುಡಿದು ಟ್ಯೂಷನ್‌ಗೆ ಓಡುತ್ತಾಳೆ. ಡಬ್ಬಿ ಅರ್ಧ ವಾಪಸ್ ಬರುತ್ತೆ. ಹಸಿ ಅಕ್ಕಿ ತಿನ್ನುತ್ತಾಳೆ. ಮೊನ್ನೆ ಜಾಮೆಟ್ರಿ ಬಾಕ್ಸ್‌ನಲ್ಲಿ ಕಚ್ಚಿದ ಬಳಪ ಸಿಕ್ಕಿತು. ಬೈದರೂ ಬಿಡುತ್ತಿಲ್ಲ.

ಕುವೆಂಪುನಗರದ ಸದಸ್ಯೆ: ಬೀಟ್ರೂಟ್, ಖರ್ಜೂರದ ಜ್ಯೂಸ್ 7 ದಿನ ಕೊಡಿ. ರಕ್ತ 3 ಪಾಯಿಂಟ್ ಏರುತ್ತಂತೆ, ಫಾರ್ವರ್ಡ್ ಬಂದಿತ್ತು.

ಡಯಟಿಷಿಯನ್: ಮದ್ದೂರಿನವರೇ, ಮೊದಲು ಬೈಯೋದು ನಿಲ್ಲಿಸಿ. ಕಬ್ಬಿಣದಂಶ ಕಡಿಮೆಯಾದವರಿಗೆ ಬಳಪ, ಮಣ್ಣು, ಹಸಿ ಅಕ್ಕಿ ತಿನ್ನಬೇಕು ಅನಿಸುತ್ತೆ. ಅದು ಹಟ ಅಲ್ಲ. ಈ ವಯಸ್ಸಿನ ಹುಡುಗಿಗೆ 12 ಇರಬೇಕು. 8.6 ಅನ್ನು ಬರೀ ಊಟದಿಂದ ಮೇಲೆತ್ತಲು ಆಗಲ್ಲ. ಡಾಕ್ಟರಿಗೆ ತೋರಿಸಿ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ) ಪರೀಕ್ಷೆ ಬೇಕಾ ಅಂತ ಕೇಳಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತೆ. ಅದು ಕೊರತೆ ಬರದಂತೆ ತಡೆಯೋಕೆ. ಇವಳಿಗೆ ಅದೊಂದೇ ಸಾಲದು.

ತಿಂಡಿ, ಊಟದ ಜೊತೆ ಟೀ ಬೇಡ, ಒಂದು ಗಂಟೆಯಾದರೂ ಬಿಡಿ. ಹುರುಳಿಕಾಳಿನ ಬಸ್ಸಾರು ಮಾಡಿದಾಗ ಬಸಿದ ಕಾಳಿನ ಪಲ್ಯ ಅವಳ ತಟ್ಟೆಗೆ ಜಾಸ್ತಿ ಬಡಿಸಿ, ಮೇಲೆ ನಿಂಬೆಹಣ್ಣು ಹಿಂಡಿ. ಆಗ ಕಾಳಿನ ಕಬ್ಬಿಣ ಮೈಗೆ ಹತ್ತುತ್ತೆ. ಪೀರಿಯಡ್ಸ್ ಎಷ್ಟು ದಿನ ಇರುತ್ತೆ?

ಆ ಫಾರ್ವರ್ಡ್ ಅಳಿಸಿ, ದಯವಿಟ್ಟು. 100 ಗ್ರಾಂ ಬೀಟ್ರೂಟ್‌ನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಇದನ್ನು ನಂಬಿ ವಾರಗಟ್ಟಲೆ ಕಾದು, ಆಮೇಲೆ ಬರುತ್ತಾರೆ.

ಸರಸ್ವತಿಪುರಂನ ತಂದೆ: ಮಗನಿಗೆ 13. ಹಾಲಿಗೆ ಹಾಕುವ ಹೆಲ್ತ್ ಪುಡಿ ಕೊಡಬಹುದಾ?

ಡಯಟಿಷಿಯನ್: ಬೇಕಿಲ್ಲ. ಹಾಲು ಸಾಕು. ಇವತ್ತು ಇದೇ ಪ್ರಶ್ನೆ ನಾಲ್ಕನೇ ಸಲ.

ಪಾಂಡವಪುರದ ಸದಸ್ಯ: ನಾವೆಲ್ಲ ಮುದ್ದೆ ತಿಂದು ಗಟ್ಟಿಯಾದವರು. ಈಗಿನ ತಾಯಂದಿರು ನೂಡಲ್ಸ್ ಕಟ್ಟಿ ಕಳಿಸುತ್ತಾರೆ.

ಕುವೆಂಪುನಗರದ ಸದಸ್ಯೆ: ನಾಳೆ ಬೆಳಿಗ್ಗೆ ಐದಕ್ಕೆ ಎದ್ದು ನೀವೇ ಮುದ್ದೆ ತಿರುವಿ, ಸರ್.

ಶ್ರೀರಂಗಪಟ್ಟಣದ ಸದಸ್ಯ: 16ರ ಮಗ ಜಿಮ್‌ಗೆ ಹೋಗುತ್ತಾನೆ. ಪ್ರೋಟೀನ್ ಪುಡಿ ಕೊಡಿಸಲಾ?

ಪಾಂಡವಪುರದ ಸದಸ್ಯ: ವೈಯಕ್ತಿಕ ಮಾತು ಬೇಡಮ್ಮ.

ಕುವೆಂಪುನಗರದ ಸದಸ್ಯೆ: ಶುರು ಮಾಡಿದ್ದು ಯಾರು?

ಡಯಟಿಷಿಯನ್: ಇಬ್ಬರೂ ಸಾಕು ಮಾಡಿ. ರಾಗಿ ಒಳ್ಳೆಯದೇ, 100 ಗ್ರಾಂನಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದು ಮೂಳೆಗಾಯಿತು. ರಕ್ತಹೀನತೆ ಮುದ್ದೆಯೊಂದರಿಂದಲೇ ಹೋಗಲ್ಲ. ಮದ್ದೂರಿನವರೇ, ನಾನು ಕೇಳಿದ್ದಕ್ಕೆ ಉತ್ತರ ಬಂದಿಲ್ಲ.

ಮದ್ದೂರಿನ ತಾಯಿ: ಗಂಡಸರೂ ಇದ್ದಾರಲ್ಲ ಅಂತ ಬರೆಯಲಿಲ್ಲ ಮೇಡಂ. 9 ದಿನ. ರಾತ್ರಿ ಎರಡು ಸಲ ಎದ್ದು ಪ್ಯಾಡ್ ಬದಲಾಯಿಸುತ್ತಾಳೆ.

ಡಯಟಿಷಿಯನ್: ಸಂಕೋಚ ಬೇಡಮ್ಮ. 7 ದಿನ ದಾಟಿದರೆ ಜಾಸ್ತಿನೇ. ನಾಳೆಯೇ ಸ್ತ್ರೀರೋಗ ತಜ್ಞರಿಗೆ ತೋರಿಸಿ. ರಕ್ತದ ರಿಪೋರ್ಟ್ ಜೊತೆಗಿರಲಿ. ಬಳಪದ ವಿಷಯವನ್ನೂ ಮುಚ್ಚಿಡದೆ ಹೇಳಿ.

ಶ್ರೀರಂಗಪಟ್ಟಣದ ಸದಸ್ಯ: ಮೇಡಂ, ಪ್ರೋಟೀನ್ ಪುಡಿ ಕೇಳಿದ್ದೆ.