ಡಾಟ್‌ನೆಟ್ 3.5 ಇನ್‌ಸ್ಟಾಲ್ ಆಗುತ್ತಿಲ್ಲ, ಎರರ್ 0ಎಕ್ಸ್800ಎಫ್0954

ಮಂಡಿ ಲೆಕ್ಕ, ಶಿರಸಿ:
ನಮಸ್ಕಾರ. ನಮ್ಮ ಅಡಿಕೆ ಮಂಡಿಯಲ್ಲಿ ಹಳೇ ಬಿಲ್ಲಿಂಗ್ ಪ್ರೋಗ್ರಾಂ ಇದೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಎಲ್ಲದರ ಲೆಕ್ಕವೂ ಅದರಲ್ಲೇ. ಬರೆದುಕೊಟ್ಟ ಪುಣ್ಯಾತ್ಮರು ಈಗ ಫೋನ್ ಎತ್ತುವುದಿಲ್ಲ. ಕಂಪ್ಯೂಟರ್ ಕೈಕೊಟ್ಟಿತು ಅಂತ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತರಿಸಿದೆವು. ವಿಂಡೋಸ್ 10. ಪ್ರೋಗ್ರಾಂ ತೆರೆದರೆ ಅದು ಓಡಲು ಬೇಕಾದ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಫ್ರೇಮ್‌ವರ್ಕ್ 3.5 ಕೇಳುತ್ತದೆ. ಸರಿ ಅಂತ ಒತ್ತಿದರೆ ಸ್ವಲ್ಪ ಹೊತ್ತು ಹುಡುಕಿ ಮೇಲಿನ ಎರರ್ ಕೊಡುತ್ತದೆ. ನೆಟ್ ಚೆನ್ನಾಗಿಯೇ ಇದೆ, ಯೂಟ್ಯೂಬ್ ಓಡುತ್ತಿದೆ. ಸೀಸನ್ ಟೈಮು, ಕೈಯಲ್ಲಿ ಬಿಲ್ ಬರೆದು ಸಾಕಾಯ್ತು.

ಕೀಬೋರ್ಡ್ ಕುಟ್ಟಪ್ಪ:
4.8 ಹಾಕಿ ಸಾರ್. ಹೊಸದರಲ್ಲಿ ಹಳೇದೂ ಇರುತ್ತಲ್ವಾ?

ರಾತ್ರಿ ಪಾಳಿ:
ಇಲ್ಲ. 4.8 ಬೇರೆ, 3.5 ಬೇರೆ. 3.5ರ ಜೊತೆ 2.0, 3.0 ಬರುತ್ತವೆ ಅಷ್ಟೇ. 4.8, 3.5 ಎರಡೂ ಒಂದೇ ಕಂಪ್ಯೂಟರಿನಲ್ಲಿ ತಕರಾರಿಲ್ಲದೆ ಇರುತ್ತವೆ.
ಮಂಡಿಯವರೇ, ಈ ಕಂಪ್ಯೂಟರ್ ಮೊದಲು ಯಾವುದಾದರೂ ಆಫೀಸಿನಲ್ಲಿ ಇತ್ತಾ?

ಮಂಡಿ ಲೆಕ್ಕ, ಶಿರಸಿ:
ಹೌದು. ಕ್ಯಾಬಿನೆಟ್ ಪಕ್ಕದಲ್ಲಿ ಆಫೀಸಿನ ಬಾರ್‌ಕೋಡ್ ಚೀಟಿ ಇನ್ನೂ ಅಂಟಿಕೊಂಡಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ರಾತ್ರಿ ಪಾಳಿ:
ಸಂಬಂಧ ಇದೆ. ಆಫೀಸುಗಳಲ್ಲಿ ಅಪ್‌ಡೇಟ್ ನೇರವಾಗಿ ಮೈಕ್ರೋಸಾಫ್ಟ್‌ನಿಂದ ಬಾರದೆ ಅವರದೇ ಸರ್ವರ್‌ನಿಂದ ಬರುವಂತೆ ಕಟ್ಟಿರುತ್ತಾರೆ. ಮಾರುವಾಗ ಆ ಸೆಟ್ಟಿಂಗ್ ತೆಗೆದಿಲ್ಲ. ಗಂಡನ ಮನೆಗೆ ಬಂದರೂ ತವರಿಗೇ ಫೋನ್ ಮಾಡುತ್ತಿದೆ! 0954 ಬಂದರೆ ನಾನು ಮೊದಲು ನೋಡುವುದು ಇದನ್ನೇ.
ರಿಜಿಸ್ಟ್ರಿ ಎಡಿಟರ್ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳನ್ನು ಬದಲಿಸುವ ಪ್ರೋಗ್ರಾಂ) ತೆರೆಯಿರಿ. ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಅಪ್‌ಡೇಟ್, ಎಯು, ಹೀಗೆ ಒಳಗೆ ಹೋಗಿ. ಮೊದಲು ಆ ಎಯು ಅನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಆಮೇಲೆ 'ಯೂಸ್ ಡಬ್ಲ್ಯುಯು ಸರ್ವರ್' 1 ಇದ್ದರೆ 0 ಮಾಡಿ, ರೀಸ್ಟಾರ್ಟ್ ಮಾಡಿ. ಕಂಟ್ರೋಲ್ ಪ್ಯಾನೆಲ್‌ನ ವಿಂಡೋಸ್ ಫೀಚರ್ಸ್‌ನಲ್ಲಿ 3.5ಕ್ಕೆ ಟಿಕ್ ಹಾಕಿ.

ಹುಬ್ಬಳ್ಳಿ ಸರ್ವಿಸ್:
ರಿಜಿಸ್ಟ್ರಿ ಮುಟ್ಟೋಕೆ ಭಯ ಆದರೆ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ಚುಚ್ಚಿ, ಅದರ ಸೋರ್ಸಸ್ ಒಳಗಿನ ಎಸ್‌ಎಕ್ಸ್‌ಎಸ್ ಫೋಲ್ಡರ್ ತೋರಿಸಿ ಡಿಸ್ಮ್ (ವಿಂಡೋಸ್‌ಗೆ ಫೀಚರ್ ಸೇರಿಸುವ ಕಮಾಂಡ್) ಬಳಸಿ 3.5 ಹಾಕಬಹುದು. ನೆಟ್ಟೇ ಬೇಡ. ಆದರೆ ಕಂಪ್ಯೂಟರಿನಲ್ಲಿರುವ ವರ್ಷನ್ನೇ ಪೆನ್‌ಡ್ರೈವ್‌ನಲ್ಲೂ ಇರಬೇಕು. ಇಲ್ಲದಿದ್ದರೆ 081ಎಫ್ ಅಂತ ಇನ್ನೊಂದು ಎರರ್ ಬಂದು ಕೂರುತ್ತದೆ.

ಮಂಡಿ ಲೆಕ್ಕ, ಶಿರಸಿ:
ಅಲ್ಲಿ 1 ಇತ್ತು, 0 ಮಾಡಿದೆ. 3.5 ಬಂತು, ಪ್ರೋಗ್ರಾಂ ತೆರೆಯಿತು, ಹಳೇ ಬಾಕಿ ಎಲ್ಲ ಕಾಣುತ್ತಿದೆ. ದೊಡ್ಡ ಉಪಕಾರ ಆಯ್ತು. ಈಗ ವಿಂಡೋಸ್ ಅಪ್‌ಡೇಟ್‌ಗಳು ಸಾಲುಗಟ್ಟಿ ಬರುತ್ತಿವೆ, ಬರಲಿ ಬಿಡಬೇಕಾ?

ರಾತ್ರಿ ಪಾಳಿ:
ಬಿಡಿ. ಇಷ್ಟು ದಿನ ಬಂದಿರಲಿಲ್ಲವಲ್ಲ. ಆದರೆ ಸಂಜೆ ಮಂಡಿ ಮುಚ್ಚಿದ ಮೇಲೆ, ಬಿಲ್ಲಿಂಗ್ ಫೋಲ್ಡರ್ ಬ್ಯಾಕಪ್ ತೆಗೆದು.